ದನದ ದವಾಖಾನೆಯ ಹಿಂದಿನ ರೋಮ್

ರೋಮ್ ಎಲ್ಲಿದೆ ಎಂದು ಆಗಿನ ಹುನಗುಂದದಲ್ಲಿ ಯಾರನ್ನಾದರೂ ಕೇಳಿದ್ದರೆ, ದನದ ದವಾಖಾನೆಯ ಹಿಂದೆ ಎಂದು ಕೈ ಮಾಡಿ ತೋರಿಸುತ್ತಿದ್ದರು. ಅಲ್ಲಿ, ಔಷಧದ ಖಾಲಿ ಪೆಟ್ಟಿಗೆಗಳನ್ನು ಎಸೆದಿಡುವ ಕೋಣೆಯಲ್ಲಿ, ನಮ್ಮೂರಿನ ದನದ ಡಾಕ್ಟರು ನಿಜವಾಗಿಯೂ ಒಂದು ರೋಮ್ ಇಟ್ಟುಕೊಂಡಿದ್ದರು.

ಡಾಕ್ಟರು ಹೋದರೆಂದು ಅವರ ಮಗಳು ಫೋನಿನಲ್ಲಿ ಹೇಳಿದಳು. ನಾನು ಆಗ ಬಾಗಲಕೋಟೆಯ ವಿದ್ಯಾಗಿರಿಯ ನಮ್ಮ ಮನೆಯಲ್ಲಿ ಕೊತ್ತಂಬರಿ ಸೋಸುತ್ತ ಕೂತಿದ್ದೆ. "ಅಪ್ಪಾಜಿ ಕಡೀಕೂ ಲೈಬ್ರರಿ ತಂಗಿ ಎಲ್ಲಿದ್ದಾಳ ಅಂತ ಕೇಳಿದ್ರ್ರಿ" ಅಂದಳು. ನಾನು ನಿವೃತ್ತಳಾಗಿ, ಮೊಮ್ಮಕ್ಕಳನ್ನು ಕಂಡು, ಕೂದಲು ಬೆಳ್ಳಗಾದ ಮೇಲೂ ಅವರಿಗೆ ಲೈಬ್ರರಿ ತಂಗಿಯೇ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹುನಗುಂದ, ಅಮೀನಗಡ, ಇಳಕಲ್ಲಿನ ಹಳಬರಿಗೆ ಹೆಸರು ಬೇಕಾಗಿಲ್ಲ, ಉಳಿದವರಿಗೆ ಡಾಕ್ಟರು ಅಂದರೆ ಸಾಕು. ಅವರೂ ಅಷ್ಟೇ. ಸತ್ತವರ ಹೆಸರಿಗಿಂತ, ಬದುಕಿದ್ದಾಗ ಅವರು ಏನು ಉಣ್ಣುತ್ತಿದ್ದರು, ಎತ್ತಿಗೆ ಏನು ತಿನ್ನಿಸುತ್ತಿದ್ದರು ಎಂದು ಕೇಳುವ ಮನುಷ್ಯ.

ಎಪ್ಪತ್ತರ ದಶಕದ ನಡುವೆ ನಾನು ಹುನಗುಂದದ ವಾಚನಾಲಯದಲ್ಲಿ ಕೆಲಸಕ್ಕೆ ಸೇರಿದೆ. ಹೊಸದಾಗಿ ಮದುವೆಯಾದವಳು. ಓದಲು ಬರುವವರೆಲ್ಲ ಗಂಡಸರು, ಅದೂ ಪೇಪರಿಗೆ ಮಾತ್ರ. ಒಂದು ಮಧ್ಯಾಹ್ನ ಫಿನೈಲ್ ಮತ್ತು ಸಗಣಿ ಎರಡರ ವಾಸನೆಯೂ ಕೂಡಿ ಒಳಗೆ ಬಂತು. ಹಿಂದೆಯೇ ಎತ್ತರದ, ಅಂಗಿಯ ತೋಳನ್ನು ಮೊಣಕೈ ಮೇಲಕ್ಕೆ ಮಡಚಿದ ಒಬ್ಬರು ಬಂದರು.

"ರೋಮಿನ ಮ್ಯಾಲ ಏನಾರ ಐತೇನವಾ ತಂಗಿ?"

ರೋಮ ಅಂದರೆ ಕೂದಲು ಎಂದು ತಿಳಿದು ನಾನು ವೈದ್ಯದ ಕಪಾಟು ತೋರಿಸಿದೆ. ಅವರು ಬಾಗಿಲ ತನಕ ಕೇಳುವಂತೆ ನಕ್ಕರು. ಕಡೆಗೆ ಪ್ರಪಂಚದ ಇತಿಹಾಸದ ಒಂದು ಹಳೆಯ ಪುಸ್ತಕ ಸಿಕ್ಕಿತು. ತೆರೆದು ನೋಡಿದರೆ ರೋಮಿನ ಪುಟಗಳನ್ನೇ ಯಾರೋ ಹರಿದುಕೊಂಡು ಹೋಗಿದ್ದರು. ಹೊಸ ನೌಕರಿ, ಮೊದಲ ತಿಂಗಳು, ನನ್ನ ಕಣ್ಣಲ್ಲಿ ನೀರು ಬಂತು.

"ಹರದವ ನಾ ಅಲ್ಲ ನೋಡ" ಅಂದರು. "ಆದ್ರ ಅವನ ಮ್ಯಾಲ ನನಗ ಸಿಟ್ಟಿಲ್ಲ. ಈ ಊರಾಗ ನನ್ನಂಗ ಇನ್ನೊಬ್ಬಾಂವ ಅದಾನಂತ ಆತಲ್ಲ. ಅಂವನ್ನ ಹುಡಕಬೇಕು."

ಆ ಇನ್ನೊಬ್ಬನನ್ನು ಅವರು ಬಹಳ ದಿನ ಹುಡುಕಿದರು, ಸಿಗಲಿಲ್ಲ. ಅವನ ಬದಲು ನಾನು ಸಿಕ್ಕೆ. ಧಾರವಾಡದಿಂದ, ಮುಂಬಯಿಯಿಂದ ಪುಸ್ತಕ ತರಿಸುವುದು, ಅವರು ಓದಿ ಹೇಳಿದ್ದನ್ನು ಕೇಳುವುದು ನನ್ನ ಕೆಲಸದ ಒಂದು ಭಾಗವೇ ಆಯಿತು.

ಈ ಹುಚ್ಚು ಅವರಿಗೆ ಹತ್ತಿದ್ದು ಮುಂಬಯಿಯಲ್ಲಿ, ದನದ ವೈದ್ಯ ಕಲಿಯುವಾಗ. ಮಳೆ ಬಂತೆಂದು ಫುಟ್‌ಪಾತಿನ ಹಳೆ ಪುಸ್ತಕದವನ ತಾಡಪತ್ರಿಯ ಕೆಳಗೆ ನಿಂತಿದ್ದರಂತೆ. ಸುಮ್ಮನೆ ನಿಲ್ಲಬಾರದೆಂದು ಒಂದು ಪುಸ್ತಕ ಕೈಗೆತ್ತಿಕೊಂಡರು. ಅದಕ್ಕೆ ರಟ್ಟೂ ಇರಲಿಲ್ಲ, ಮೊದಲ ಹಾಳೆಯೂ ಇರಲಿಲ್ಲ. ಜ್ವಾಲಾಮುಖಿಯ ಬೂದಿಯಲ್ಲಿ ಮುಚ್ಚಿಹೋದ ರೋಮಿನವರ ಒಂದು ಊರಿನ ಚಿತ್ರ: ಒಲೆ, ಒಲೆಯ ಒಳಗೆ ಸುಟ್ಟು ಕರಿಯಾದ ರೊಟ್ಟಿ. "ಆ ರೊಟ್ಟಿ ಇಟ್ಟಾಕಿ ಅದನ್ನ ತಗ್ಯಾಕ ಬರ್ಲೇ ಇಲ್ಲವಾ" ಎಂದು ಹೇಳುವಾಗ, ನೆರೆಮನೆಯ ಹೆಣ್ಣುಮಗಳೊಬ್ಬಳ ಸುದ್ದಿ ಹೇಳಿದ ಹಾಗೆ ಅವರ ದನಿ ತಗ್ಗುತ್ತಿತ್ತು. ಮಳೆ ನಿಂತ ಮೇಲೂ ಅವರು ಅಲ್ಲಿಂದ ಕದಲಲಿಲ್ಲ.

ಅವರು ಕತೆ ಹೇಳುತ್ತಿದ್ದದ್ದು ಕೆಲಸ ಮಾಡುತ್ತಲೇ. ಒಂದು ಕೈ ಎಮ್ಮೆಯ ಹೊಟ್ಟೆಯೊಳಗೆ, ಭುಜದ ತನಕ. ಬಾಯಲ್ಲಿ ಮಾತ್ರ ರೋಮಿನ ಕತೆ: ನೇಗಿಲು ಹೂಡುತ್ತಿದ್ದವನನ್ನು ಹೊಲದಿಂದ ಕರೆದೊಯ್ದು ಸೇನಾಪತಿ ಮಾಡಿದ್ದು, ಅವನು ಯುದ್ಧ ಗೆದ್ದು, ಅಧಿಕಾರ ಅಲ್ಲೇ ಬಿಟ್ಟು, ಮತ್ತೆ ನೇಗಿಲಿಗೆ ಬಂದದ್ದು. "ಅಂವಾ ನಮ್ಮ ಕಡೆಯವನ ಇರಬೇಕ್ರ್ಯಾ, ಬಿತ್ತಿಗಿ ತಪ್ಪತೈತಂತ ಓಡಿ ಬಂದಾನ" ಎಂದು ಮುಗಿಸುವುದಕ್ಕೂ ಕರು ಹೊರಗೆ ಬರುವುದಕ್ಕೂ ಸರಿ ಹೋಗುತ್ತಿತ್ತು. ಇಳಕಲ್ಲಿನ ದಾರಿಯಲ್ಲಿ ಮೋಟಾರ್ ಸೈಕಲ್ ತಗ್ಗಿಗೆ ಬಿದ್ದಾಗಲೆಲ್ಲ ರೋಮಿನವರು ಹಾಕಿದ ರಸ್ತೆಯನ್ನು ನೆನೆಸಿ ಲೋಕೋಪಯೋಗಿ ಇಲಾಖೆಯನ್ನು ಬೈಯುತ್ತಿದ್ದರು.

ಅವರ ಹೆಂಡತಿಯನ್ನು ನಾನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ಇಳಕಲ್ಲಿನ ನೇಕಾರರ ಮನೆಯ ಮಗಳು, ಮಾತು ಕಡಿಮೆ, ಆಡಿದರೆ ಅಳತೆಗೆ ಸರಿಯಾಗಿ ಆಡುವಾಕೆ. ಒಂದು ಸಲ ಸಾಲೆಯ ಗ್ಯಾದರಿಂಗಿನಲ್ಲಿ ರೋಮಿನವರ ಉಡುಗೆ ತೋರಿಸುತ್ತೇನೆಂದು ಡಾಕ್ಟರು ಬಿಳಿ ಧೋತರವೊಂದನ್ನು ಮೈತುಂಬ ಸುತ್ತಿಕೊಂಡು ಒಂದು ಸೆರಗು ಎಡಗೈ ಮೇಲೆ ಹಾಕಿಕೊಂಡು ಬಂದರು. ವೈನಿ ಮೇಲಿಂದ ಕೆಳಗೆ ನೋಡಿದರು. "ಇದನ್ನ ಉಟಗೊಂಡು ಓಡಾಕ ಬರೂದಿಲ್ಲ, ಹೊಡದಾಡಾಕ ಬರೂದಿಲ್ಲ. ಅದಕ್ಕ ನಿಮ್ಮ ರೋಮ್ ಮುಳಗೇತಿ" ಅಂದರು. ಡಾಕ್ಟರು ಈ ಮಾತನ್ನು ಊರ ತುಂಬ ಹೇಳಿಕೊಂಡು ತಿರುಗಿದರು. ಪಂಡಿತರು ಬರೆದ ಎಲ್ಲ ಕಾರಣಗಳಿಗಿಂತ ಇದೇ ನೇರವಾಗಿದೆಯಂತೆ.

ಬಾದಾಮಿಗೆ ನಾವು ಒಮ್ಮೆ ಎರಡೂ ಮನೆಯವರು ಕೂಡಿ ಹೋಗಿದ್ದೆವು. ಗುಹೆ ನೋಡಿ ಇಳಿದು ಹೊಂಡದ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿದಾಗ, ಪರಿಚಯದ ಮಾಸ್ತರರೊಬ್ಬರು ಬಂದು ಕೂತು ಚುಚ್ಚಿದರು: "ಮನಿ ಮುಂದ ಇಂಥಾ ಬಾದಾಮಿ ಇಟಗೊಂಡು ನಿಮಗ ಆ ರೋಮ್ ಯಾಕ್ರಿ ಡಾಕ್ಟ್ರ?"

"ಬಾದಾಮಿ ನಮ್ಮವ್ವ ಇದ್ದಂಗ್ರಿ. ಪ್ರೀತಿ ಇಲ್ಲಂತ ಯಾರ ಅಂದ್ರು? ಆದ್ರ ಕನಸಿನ್ಯಾಗ ಬರಾಕಿ ಬ್ಯಾರೆ ಇರ್ತಾಳ."

ಮಾಸ್ತರರು ಕೆಮ್ಮಿದರು. ವೈನಿ ಏನೂ ಕೇಳದವರಂತೆ ರೊಟ್ಟಿ ಮುರಿದರು. ಸ್ವಲ್ಪ ಹೊತ್ತು ಬಿಟ್ಟು ಡಾಕ್ಟರು ಎದುರಿನ ಕೆಂಪು ಬಂಡೆ ನೋಡುತ್ತ ಬೇರೆಯೇ ದನಿಯಲ್ಲಿ, "ರೋಮಿನ್ಯಾಗ ಎಲ್ಲಾ ಬಿದ್ದ ಹ್ವಾದ ಮ್ಯಾಲನ ಇಲ್ಲಿ ಉಳಿ ಸಪ್ಪಳ ಸುರು ಆತು ನೋಡ್ರಿ. ಜಗತ್ತಿನ್ಯಾಗ ಎಲ್ಲ್ಯಾರ ಒಂದ ಕಡೆ ಕೆಲಸ ನಡದ ಇರ್ತೈತಿ" ಅಂದರು.

ದವಾಖಾನೆಯ ಹಿಂದಿನ ಕೋಣೆ ಅವರ ಮ್ಯೂಜಿಯಂ. ರೋಮಿನದು ಅನ್ನುವ ಒಂದು ಚೂರೂ ಅಲ್ಲಿರಲಿಲ್ಲ. ಕರುಗಳ ಮುರಿದ ಕಾಲಿಗೆ ಕಟ್ಟುವ ಪ್ಲಾಸ್ಟರಿನಲ್ಲಿ ಅವರೇ ಮಾಡಿದ ಕಮಾನುಗಳು, ನೀರಿನ ಕಾಲುವೆ, ಕುಸ್ತಿಯ ದೊಡ್ಡ ಅಖಾಡ. ಎಮ್ಮೆ ತಂದವರು ಪಾಳಿ ಬರುವ ತನಕ ಒಳಗೆ ಹೋಗಿ ನೋಡುತ್ತಿದ್ದರು. ಒಬ್ಬ ರೈತ ಆ ಅಖಾಡದ ಸುತ್ತ ತಿರುಗಿ, "ಇದು ಯಾವ ದೇವರ ಗುಡೀರಿ?" ಎಂದು ಕೇಳಿದ. ಗುಡಿಯಲ್ಲ, ಇದರಲ್ಲಿ ಮನುಷ್ಯರನ್ನೂ ಹುಲಿಗಳನ್ನೂ ಬಿಟ್ಟು ಹೊಡೆದಾಡಿಸುತ್ತಿದ್ದರು ಎಂದರು ಡಾಕ್ಟರು.

"ಯಾಕ್ರಿ?"

"ಮಂದಿ ನೋಡಾಕ."

"ಇಷ್ಟ ದೊಡ್ಡ ಮನಿ ಕಟ್ಟಿ ಇಷ್ಟ ಸಣ್ಣ ಬುದ್ಧಿ ಏನ್ರಿ!" ಎಂದು ಅವನು ಹೊರಗೆ ಹೋದ. ಡಾಕ್ಟರು ಅವನ ಎಮ್ಮೆಯನ್ನು ಆ ದಿನ ಪಾಳಿ ಮುರಿದು ಮೊದಲು ನೋಡಿದರು.

ಹೀಗಿರುವಾಗ ಹತ್ತಿರದ ಹಳ್ಳಿ ಮರೋಳದಲ್ಲಿ ಒಬ್ಬ ಮುದುಕಿಯ ಹೊಲದಲ್ಲಿ ಬಾವಿ ತೋಡುವಾಗ ಮಡಕೆಯ ಚೂರು ಸಿಕ್ಕವು. ಆಕೆಯ ಆಕಳು ನೋಡಲು ಹೋಗಿದ್ದ ಡಾಕ್ಟರಿಗೆ ಮಣ್ಣಿನ ಗುಂಪಿಯ ಮೇಲೆ ಎರಡು ತುಂಡು ಕಂಡವು. ಒಂದು, ಎರಡು ಕಡೆ ಹಿಡಿಕೆ ಇದ್ದ ಉದ್ದ ಕೊರಳು. ಇನ್ನೊಂದು, ಗಜ್ಜರಿಯ ಹಾಗೆ ಚೂಪಾದ ತಳ. ಅವರ ಪುಸ್ತಕಗಳಲ್ಲಿ ಇಂಥ ಹೂಜಿಯ ಚಿತ್ರ ಎಲ್ಲ ಕಡೆಯೂ ಇತ್ತು. ರೋಮಿನವರು ದ್ರಾಕ್ಷಿಯ ಮದ್ಯ ತುಂಬಿ ಹಡಗಿನಲ್ಲಿ ದೇಶದೇಶಕ್ಕೆ ಕಳಿಸುತ್ತಿದ್ದದ್ದು ಇಂಥದರಲ್ಲೇ. ಎರಡನ್ನೂ ರುಮಾಲಿನಲ್ಲಿ ಕಟ್ಟಿಕೊಂಡು ಮೋಟಾರ್ ಸೈಕಲ್ ಮೇಲೆ ನೇರ ವಾಚನಾಲಯಕ್ಕೆ ಬಂದರು. ಮೈತುಂಬ ಧೂಳು. "ಬಂದಾರವಾ ತಂಗಿ! ಅವರು ನಮ್ಮ ಮರೋಳಕ್ಕ ಬಂದಾರ!"

ನಡುವಿನ ಭಾಗ ಸಿಕ್ಕಿರಲಿಲ್ಲ. ಅದನ್ನು ಅವರು ಪ್ಲಾಸ್ಟರಿನಲ್ಲಿ ತುಂಬಿ ಮೇಲಿನದನ್ನೂ ಕೆಳಗಿನದನ್ನೂ ಕೂಡಿಸಿದರು. ಮುಗಿದ ಮೇಲೆ ನಿಜವಾಗಿಯೂ ಚೆಂದವಿತ್ತು. ತೊಡೆಯ ಎತ್ತರ, ಚಿತ್ರದಲ್ಲಿದ್ದ ಹಾಗೆಯೇ. ಪಡುವಣ ಕಡಲಿಗೆ ಬಂದ ಹಡಗು, ಘಟ್ಟ ಹತ್ತಿದ ಎತ್ತು, ಮಲಪ್ರಭೆಯ ದಂಡೆಯ ಯಾವುದೋ ಸಾಹುಕಾರನ ಮನೆ, ಎಲ್ಲವೂ ಅವರ ಬಾಯಲ್ಲಿ ಕೂಡಿಕೊಂಡಿತು. ಎಮ್ಮೆ ಇಲ್ಲದವರೂ ಆ ಕೋಣೆಗೆ ಬರತೊಡಗಿದರು. ಮರೋಳದವರಿಗೆ ಬೀಗರ ಊರುಗಳಲ್ಲಿ ಮಾನ ಹೆಚ್ಚಾಯಿತು. ಅಲ್ಲಿಯ ಚಹಾದಂಗಡಿಯವನು ಹಲಗೆಯ ಮೇಲೆ 'ರೋಮ್ ಹೋಟೆಲ್' ಎಂದು ಸುಣ್ಣದಲ್ಲಿ ಬರೆಸಿದ. ಇದು ವರ್ಷಗಟ್ಟಲೆ ನಡೆಯಿತು.

ಎಂಬತ್ತರ ದಶಕದ ಮೊದಲಲ್ಲಿ, ಬಾಗಲಕೋಟೆಯ ಕಾಲೇಜೊಂದಕ್ಕೆ ಮೈಸೂರ ಕಡೆಯಿಂದ ಒಬ್ಬ ವಿದ್ವಾಂಸೆ ಉಪನ್ಯಾಸಕ್ಕೆ ಬಂದರು. ನೆಲ ಅಗೆದು ಹಳೆಯ ಊರು ಹುಡುಕುವುದೇ ಅವರ ಕೆಲಸ. ಹೂಜಿಯ ಸುದ್ದಿ ಕೇಳಿ, ತಂದರೆ ನೋಡುತ್ತೇನೆಂದು ಹೇಳಿಕಳಿಸಿದರು. ಡಾಕ್ಟರು ಮದುವೆಯಲ್ಲಿ ತೊಟ್ಟ ಕೋಟು ತೆಗೆದರು. ವೈನಿ, ನಾನು, ಅವರು ಬಸ್ಸಿನಲ್ಲಿ ಹೋದೆವು. ಹೂಜಿ ಅವರ ತೊಡೆಯ ಮೇಲೆ, ವೈನಿಯ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿಕೊಂಡು. ಯಾರಾದರೂ ಏನೆಂದು ಕೇಳಿದರೆ ಸಾಕು, ದಾರಿಯುದ್ದಕ್ಕೂ ಕತೆ.

ಕಾಲೇಜಿನ ಹಾಲು ತುಂಬಿತ್ತು. ಆಕೆ ನನ್ನ ವಯಸ್ಸಿನವರೇ, ಖಾದಿ ಸೀರೆ, ಮೆಲುಮಾತು. ಡಾಕ್ಟರು ವೇದಿಕೆಯ ಮೇಲೆ ಸೀರೆ ಬಿಚ್ಚಿದಾಗ ಚಪ್ಪಾಳೆ ಬಿದ್ದಿತು. ಆಕೆ ಹೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕೊರಳಿನ ಒಳಗೆ ಬೆರಳಾಡಿಸಿದರು, ಬಾಯಿಂದ ತಳದ ತನಕ ಇಣುಕಿದರು, ತಳವನ್ನು ತಟ್ಟಿದರು. ಆಮೇಲೆ ಅವರಿಗಷ್ಟೇ ಕೇಳುವಂತೆ ಏನೋ ಹೇಳಹೋದರು.

"ಎಲ್ಲಾರಿಗೂ ಕೇಳೂವಂಗ ಹೇಳ್ರಿ" ಅಂದರು ಡಾಕ್ಟರು, ಒಳ್ಳೆಯ ಸುದ್ದಿಯೆಂದೇ ತಿಳಿದು.

ಆಕೆ ಹೂಜಿಯನ್ನು ಮೇಜಿನ ಮೇಲಿಟ್ಟರು. "ಡಾಕ್ಟರೇ, ದಯವಿಟ್ಟು ಬೇಸರ ಮಾಡ್ಕೋಬೇಡಿ. ಇದು ಒಂದು ಹೂಜಿಯಲ್ಲ. ಎರಡು ಬೇರೆ ಬೇರೆ ಪಾತ್ರೆಗಳು. ಕೊರಳಿನ ಗೋಡೆ ತೆಳು, ನೀರಿನ ಕೂಜದ್ದು, ಅಂಥ ಹಳೆಯದೂ ಅಲ್ಲ. ತಳದ್ದು ದಪ್ಪ, ಒಳಗೆ ಸುಟ್ಟ ಗುರುತಿದೆ. ಕಬ್ಬಿಣವೋ ಏನೋ ಕಾಯಿಸೋಕೆ ಇಟ್ಟಿದ್ದು. ಎರಡರ ಮಣ್ಣೂ ಇಲ್ಲಿಯದೇ."

ಹಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಡಾಕ್ಟರು ಹೂಜಿಯನ್ನು ಕೈಗೆ ತೆಗೆದುಕೊಂಡರು. ಆಕೆ ತೋರಿಸಿದಲ್ಲಿ ಬೆರಳಿಟ್ಟರು. ಕೊರಳು, ತಳ, ಮತ್ತೆ ಕೊರಳು. ಇಷ್ಟು ವರ್ಷ ದಿನಾ ಒರೆಸಿಟ್ಟ ವಸ್ತುವನ್ನು ಅವರು ಆಗಲೇ ಮೊದಲ ಸಲ ಮುಟ್ಟಿದ ಹಾಗಿತ್ತು. ವೈನಿ ನನ್ನ ಕೈ ಹಿಡಿದುಕೊಂಡರು.

"ಹೌದು" ಅಂದರು ಡಾಕ್ಟರು. ಕಡೆಯ ಬೆಂಚಿಗೂ ಕೇಳಿಸಿತು. "ಎರಡು ಗಡಿಗಿ ಇವು. ಕೂಡಿಸಿದಾಂವ ನಾ. ನನಗ ಬೇಕಾಗಿತ್ತಂತ ಕೂಡಿದ್ದಾವು." ಆಕೆಗೆ ಕೈ ಮುಗಿದು ಇಳಿದು ಬಂದರು.

ಬಸ್ಸು ಅಮೀನಗಡದಲ್ಲಿ ನಿಂತಿತು. ಅಲ್ಲಿ ಕರದಂಟು ತೆಗೆದುಕೊಳ್ಳದೆ ಅವರು ಎಂದೂ ಮುಂದೆ ಹೋದವರಲ್ಲ. ಅಂಗಡಿಯ ಹುಡುಗ ಕಿಟಕಿಗೆ ಬಂದು ಕರೆದರೂ ತಲೆ ಎತ್ತಲಿಲ್ಲ. ಊರು ಹತ್ತಿರವಾದಾಗ ವೈನಿ ಕೇಳಿದರು, "ಏನ್ ಮಾಡ್ತೀರಿ ಈಗ?"

"ಹೇಳಿ ಬಂದದ್ದು ನಾ. ಅಲ್ಲ ಅಂತ ಹೇಳಿ ಬರೂದೂ ನಾನ."

ಮರುದಿನ ಬೆಳಿಗ್ಗೆ, ದನ ತಂದ ಮಂದಿಯ ಎದುರಿಗೆ, ಡಾಕ್ಟರು ಕೊಂಬು ಕೊಯ್ಯುವ ಗರಗಸ ತಂದು ಪ್ಲಾಸ್ಟರನ್ನು ಕೊಯ್ದು ಎರಡು ತುಂಡನ್ನೂ ಬಿಡಿಸಿದರು. ಬೇರೆ ಬೇರೆ ಮಣೆಯ ಮೇಲೆ ಇಟ್ಟು, ಇದು ನೀರಿನ ಕೂಜ, ಇದು ಕಬ್ಬಿಣ ಕಾಯಿಸುವುದು ಎಂದು ಚೀಟಿ ಅಂಟಿಸಿದರು. ಆಮೇಲೆ ಸಂತೆ, ಚಾವಡಿ, ಚಹಾದಂಗಡಿ, ಎಲ್ಲೆಲ್ಲಿ ಆ ಕತೆ ಹೇಳಿದ್ದರೋ ಅಲ್ಲೆಲ್ಲ ಹೋಗತೊಡಗಿದರು. ಕೆಲಸಕ್ಕೆ ಹೋದ ಊರಿನಲ್ಲಿ ದನ ನೋಡಿದ ಮೇಲೆ ಕೈ ತೊಳೆದುಕೊಂಡು, ಮಂದಿಯನ್ನು ಕೂಡಿಸಿ, ನಾನು ಹೇಳಿದ್ದು ತಪ್ಪು ಎನ್ನುವುದು. ಅದೇ ಗಟ್ಟಿ ದನಿ. ಕತೆ ಹೇಳುವಾಗ ಎಷ್ಟು ಚೆಂದ ಹೇಳುತ್ತಿದ್ದರೋ ತಪ್ಪನ್ನೂ ಅಷ್ಟೇ ಚೆಂದ, ಎಲ್ಲಿ ಎಡವಿದೆ, ಹೇಗೆ ಗೋಡೆಯ ದಪ್ಪ ನೋಡಲಿಲ್ಲ, ಎಲ್ಲ ಬಿಡಿಸಿ ಹೇಳುತ್ತಿದ್ದರು.

ಇದರಿಂದ ನಷ್ಟವಾಗಲಿಲ್ಲವೆಂದಲ್ಲ. ಇಳಕಲ್ಲಿನ ಒಬ್ಬ ಅರಿವೆ ವ್ಯಾಪಾರಿ, ಗಡಿಗೆಯನ್ನೇ ಗುರುತು ಹಿಡಿಯಲಾರದವರು ಎತ್ತಿನ ಬ್ಯಾನಿ ಏನು ಗುರುತು ಹಿಡಿದಾರು ಎಂದು ಸಂತೆಯಲ್ಲಿ ನಕ್ಕ. ಆ ಮಾತು ಓಡಿತು. ಕೆಲವರು ದನಗಳನ್ನು ಬೇರೆ ಕಡೆ ಹೊಡೆದುಕೊಂಡು ಹೋದರು. ದವಾಖಾನೆಯ ಅಂಗಳ ಕೆಲವು ತಿಂಗಳು ಬೋಳುಬೋಳಾಗಿ ಕಂಡಿತು. ನನ್ನ ಗಂಡನೇ ಒಂದು ದಿನ, "ಸುಮ್ಮನಿದ್ದಿದ್ರ ಯಾರಿಗೆ ತಿಳೀತಿತ್ತ್ರಿ?" ಎಂದು ಕೇಳಿಬಿಟ್ಟರು.

"ನನಗ ತಿಳದಿತ್ತಲ್ಲ" ಅಂದರು ಡಾಕ್ಟರು. "ಆ ಕ್ವಾಣಿಯೊಳಗ ಹೊಕ್ಕಾಗೆಲ್ಲಾ ನನ್ನ ಸುಳ್ಳಿನ ಜೋಡಿ ನಾ ಒಬ್ನ ನಿಂದರಬೇಕಾಗತಿತ್ತು."

ಮರೋಳಕ್ಕೆ ಮಾತ್ರ ಒಬ್ಬರೇ ಹೋಗಲು ಅವರಿಗೆ ಧೈರ್ಯವಾಗಲಿಲ್ಲ. ಒಂದು ಭಾನುವಾರ ವೈನಿಯನ್ನೂ ನನ್ನನ್ನೂ ಕರೆದುಕೊಂಡು ಹೋದರು. ಬಾವಿಯ ಮುದುಕಿ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಎಲ್ಲ ಕೇಳಿದಳು.

"ಹಂಗಾರ ನಮ್ಮ ಬಾವಿಗೆ ರೋಮಿನವ್ರು ಬಂದಿಲ್ಲನ್ರಿ?"

"ಇಲ್ಲವ್ವಾ."

"ಮತ್ತ ಯಾರ ಬಂದಿದ್ರು?"

"ನಿಮ್ಮವರ. ನಿಮ್ಮ ಮುತ್ಯಾನ ಮುತ್ಯಾ. ಇಲ್ಲೇ ನೀರ ಕುಡದಾರ, ಇಲ್ಲೇ ಕಬ್ಬಿಣ ಕಾಸ್ಯಾರ."

ಮುದುಕಿ ಶೇಂಗಾ ಸುಲಿಯುವುದನ್ನು ನಿಲ್ಲಿಸಿದಳು. "ನಮ್ಮವ್ರ ಇದ್ರಂದ್ರ ಛಲೋನ ಆತಲ್ಲರಿ. ಅದಕ್ಯಾಕ ಇಷ್ಟ ಸಣ್ಣ ಮಾರಿ ಮಾಡ್ಕೊಂಡ ಬಂದೀರಿ? ಕುಂದರ್ರಿ, ಮಜ್ಜಿಗಿ ಕುಡೀರಿ." ಆಮೇಲೆ ಕೊಟ್ಟಿಗೆಯ ಕಡೆ ಕೈ ಮಾಡಿದಳು. "ಆಕಳಾ ಮ್ಯಾವ ಬಿಟ್ಟೈತಿ, ನೋಡ್ರಿ ಒಂಚೂರು. ಆ ಇಳಕಲ್ಲಿನ ಮಾತು ನಮ್ಮ ತನಕಾನೂ ಬಂದೈತಿ. ತಪ್ಪಾತು ಅನ್ನೂ ಡಾಕ್ಟರನ್ನ ನಾ ಎಲ್ಲೂ ಕಂಡಿಲ್ಲಪ್ಪ. ನನ್ನ ಆಕಳಾ ನಿಮ್ಮ ಕೈಯಾಗ ಇರ್ಲಿ."

ಚಹಾದಂಗಡಿಯವನು ಮಾತ್ರ ಹಲಗೆ ಅಳಿಸಲು ಒಪ್ಪಲಿಲ್ಲ. ಅಂಗಡಿ ತನ್ನದು, ಹೆಸರೂ ತನ್ನದೇ ಅಂತೆ. ಅಂಗಳದಲ್ಲಿ ದನಗಳು ಒಂದೊಂದಾಗಿ ಮತ್ತೆ ತುಂಬಿಕೊಂಡವು. ಯಾವಾಗ ತುಂಬಿದವೆಂದು ಯಾರೂ ಗಮನಿಸಲಿಲ್ಲ.

ಅವರು ನಿವೃತ್ತರಾದ ವರ್ಷ ಆ ವಿದ್ವಾಂಸೆ ಹುನಗುಂದಕ್ಕೇ ಬಂದರು. ಹಳ್ಳಿಹಳ್ಳಿಗೆ ಹೋಗಿ ತಪ್ಪು ಹೇಳಿ ಬಂದ ಸುದ್ದಿ ಅವರಿಗೂ ಮುಟ್ಟಿತ್ತು. ಬಿಡಿಸಿಟ್ಟ ಎರಡು ತುಂಡುಗಳ ಮುಂದೆ ಸ್ವಲ್ಪ ಹೊತ್ತು ನಿಂತು, "ಪಾಂಡಿಚೇರಿ ಹತ್ತಿರ ಅಗೆದಾಗ ನಿಜವಾದ ರೋಮಿನ ಹೂಜಿಗಳೇ ಸಿಕ್ಕಿವೆ ಡಾಕ್ಟರೇ. ಮದ್ರಾಸಿನಲ್ಲಿ ನೋಡಬಹುದು. ನೀವು ಹೋಗ್ಬೇಕು. ನಾನು ಅಲ್ಲಿ ಒಂದು ಮಾತು ಹೇಳಿರ್ತೀನಿ" ಅಂದರು.

ಗಂಡ ಹೆಂಡತಿ ರೈಲಿನಲ್ಲಿ ಹೋಗಿ ಬಂದರು. ಬಂದ ಸುದ್ದಿ ಕೇಳಿ ನಾನು ವಾಚನಾಲಯಕ್ಕೆ ಬೀಗ ಹಾಕಿಕೊಂಡು ಓಡಿದೆ. ಡಾಕ್ಟರು ಪಡಸಾಲೆಯಲ್ಲಿ ಕೂತಿದ್ದರು. ಎಂದಿನಂತೆ ಮೈಮೇಲೆ ಬಿದ್ದು ಹೇಳಲಿಲ್ಲ. ವೈನಿಯೇ ಸುರು ಮಾಡಿದರು.

"ಕಾಜಿನ ಕಪಾಟಿನ್ಯಾಗ ಇಟ್ಟಿದ್ರವಾ. ಇವರು ಹೋದವ್ರ, 'ಇದು ಖರೆ ಒಂದ ಹೂಜಿ ಏನ್ರಿ? ಗ್ವಾಡಿ ದಪ್ಪ ನೋಡೀರೇನ್ರಿ?' ಅಂತ ಕೇಳಿದ್ರು. ಅಲ್ಲಿಯ ಸಾಹೇಬ್ರು ನಕ್ಕರು. ಬರ್ರಿ ಅಂತ ಒಳಗ ಕರಕೊಂಡ ಹೋಗಿ, ಕೊರಳ ಮುರದಿದ್ದ ಇನ್ನೊಂದು ಹೂಜಿ ಟೇಬಲ್ ಮ್ಯಾಲ ಇಟ್ಟು, ನೀವ ನೋಡ್ರಿ ಅಂದ್ರು. ಇವರೇನ್ ಮಾಡಬೇಕು? ಅಂಗಿ ತೋಳ ಮ್ಯಾಲ ಏರಿಸಿ, ಎಮ್ಮಿ ನೋಡಿದಂಗ, ಭುಜದ ತನಕ ಕೈ ಒಳಗ ಹಾಕಿಬಿಟ್ರು! ಆ ಸಾಹೇಬ್ರ ಮಾರಿ ನೋಡಬೇಕಿತ್ತು."

"ಏನ್ ಸಿಕ್ತರಿ ಡಾಕ್ಟ್ರ?" ಅಂದೆ.

ಅವರು ಬಲಗೈ ಮುಂದೆ ಚಾಚಿ ಬೆರಳುಗಳನ್ನು ಬಿಡಿಸಿ ನೋಡಿಕೊಂಡರು.

"ಒಳಗ ಗೆರಿ ಅದಾವ ತಂಗಿ. ಮಣ್ಣು ಹಸಿ ಇದ್ದಾಗ ಎತ್ತಿದ ಬೆರಳಿನ ಗೆರಿ. ನನ್ನ ಬೆರಳು ಅದರಾಗ ಕುಂತ್ವು. ತಳದಾಗ ಒತ್ತೊತ್ತಾಗಿ ಅದಾವ, ಕುಂಬಾರ ಸಾವಕಾಶ ಮಾಡ್ಯಾನ. ಮ್ಯಾಲ ಬರಬರತ ದೂರ ದೂರ." ಕೈಯನ್ನು ಗಾಳಿಯಲ್ಲಿ ಮೆಲ್ಲಗೆ ಮೇಲಕ್ಕೆ ಎತ್ತಿದರು, ಎತ್ತುತ್ತ ಎತ್ತುತ್ತ ಅದರ ವೇಗ ಹೆಚ್ಚಾಯಿತು. "ಅವಗ ಅವಸರ ಇತ್ತವಾ. ಸಂಜಿ ಆಗಿತ್ತು ಕಾಣತೈತಿ, ಮನಿಗೆ ಹೋಗೂದಿತ್ತು."